ಕನ್ನಡದಲ್ಲಿ ಬರೆಯುವಾಗ ತಪ್ಪಾದರೂ ಅರ್ಥ ಆದರೆ ಸಾಕಲ್ವಾ?

ಹ ಬರೆಯಬೇಕಾದಲ್ಲಿ ಅ ಬರೆದಿದ್ದಕ್ಕೆ ಜನ ಕಾಮೆಂಟಿನಲ್ಲಿ ನಕ್ಕರು ಅಂದಿದ್ದೀರಿ. ನನ್ನನ್ನು ನೋಡಿಯೂ ಹಾಗೇ ನಕ್ಕಿದ್ದಾರೆ. ನಾನು ಪಾಂಡವಪುರದ ಕಡೆಯವನು. ನಮ್ಮ ಮನೆಯಲ್ಲಿ ಹಾಲು ಅಂದರೆ 'ಆಲು', ಹತ್ತು ಅಂದರೆ 'ಅತ್ತು'. ಗೆಳೆಯನ ಮದುವೆಗೆ 'ಆರ್ಥಿಕ ಶುಭಾಶಯಗಳು' ಅಂತ ಬರೆದು ಇಡೀ ಗ್ರೂಪಿನ ಬಾಯಿಗೆ ಸಿಕ್ಕಿದ್ದೆ. ಆಗ ನಾನೂ ನಿಮ್ಮ ಹಾಗೇ ಕೇಳಿದ್ದೆ, ಅರ್ಥ ಆಯಿತಲ್ಲ, ಇನ್ನೇನು ಬೇಕು ಅಂತ.

ಆದರೆ ನನ್ನ ಕೈ ಸುಟ್ಟ ತಪ್ಪು ಅದಲ್ಲ. ಅದನ್ನು ನೋಡಿ ಯಾರೂ ನಗಲಿಲ್ಲ. ಯಾರ ಕಣ್ಣಿಗೂ ಬೀಳಲೇ ಇಲ್ಲ.

ನಮ್ಮದು ಆಲೆಮನೆ. 2018ರಲ್ಲಿ ಬೆಂಗಳೂರಿನ ಒಂದು ಅಂಗಡಿಗೆ ವಾರಕ್ಕೊಮ್ಮೆ ಅಚ್ಚು ಬೆಲ್ಲ ಕಳಿಸುತ್ತಿದ್ದೆವು. ತೆಗೆದುಕೊಂಡು ಹೋಗುತ್ತಿದ್ದವರು ನಮ್ಮ ಅಮ್ಮನ ದೊಡ್ಡಮ್ಮನ ಮಗ, ನನಗೆ ಮಾವ. ಅವರದೇ ಟಾಟಾ ಏಸ್. ಆರು ವರ್ಷದಲ್ಲಿ ಒಂದು ದಿನವೂ ಲೆಕ್ಕ ತಪ್ಪಿದವರಲ್ಲ. ಆ ವಾರ ಅಂಗಡಿಯವರು 28,000 ರೂಪಾಯಿ ಬಾಕಿ ಕೊಡಬೇಕಿತ್ತು. 'ಶುಕ್ರವಾರ ನಿಮ್ಮ ಮಾವನ ಕೈಲಿ ಕ್ಯಾಶ್ ಕೊಡ್ತೀನಿ' ಅಂತ ಫೋನಿನಲ್ಲಿ ಹೇಳಿದ್ದರು. ಶುಕ್ರವಾರ ಸಂಜೆ ನಾನು ಅವರಿಗೆ ವಾಟ್ಸಾಪ್ ಮಾಡಿದೆ:

'ಅಣ್ಣ ಬಾಕಿ 28000 ಮಾವನ ಕೈಲಿ ಕೊಟ್ಟಿದ್ದೀರ ನಾಳೆ ಬೆಲ್ಲ ಲೋಡ್ ಮಾಡ್ತೀವಿ'

ಇದನ್ನು ಇನ್ನೊಂದು ಸಲ ಓದಿ. ನಾನು ಕೇಳಿದ್ದು ಪ್ರಶ್ನೆ. 'ಕೊಟ್ಟಿದ್ದೀರಿ' ಅಂದರೆ ಹೇಳಿಕೆ, 'ಕೊಟ್ಟಿದ್ದೀರಾ' ಅಂದರೆ ಪ್ರಶ್ನೆ. ನಡುವೆ ಇರುವ 'ಕೊಟ್ಟಿದ್ದೀರ' ಎರಡೂ ಆಗುತ್ತದೆ. ಮಾತಿನಲ್ಲಿ ರಾಗವೇ ಹೇಳಿಬಿಡುತ್ತದೆ, ಕೇಳುತ್ತಿದ್ದಾನೋ ಹೇಳುತ್ತಿದ್ದಾನೋ ಅಂತ. ಬರಹದಲ್ಲಿ ರಾಗ ಇಲ್ಲ. ಆ ಕೆಲಸ ಮಾಡಬೇಕಾದದ್ದು ಒಂದು ದೀರ್ಘ ಮತ್ತು ಒಂದು ಪ್ರಶ್ನಾರ್ಥಕ ಚಿಹ್ನೆ. ನಾನು ಎರಡನ್ನೂ ಬಿಟ್ಟಿದ್ದೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುವ ಕೀಬೋರ್ಡ್ ನನ್ನದು. ಕೊನೆಗೆ ಒಂದೇ 'ಎ' ಒತ್ತಿದೆ, ಅದು 'ರ' ಕೊಟ್ಟಿತು, ನಾನು ನೋಡದೆ ಕಳಿಸಿದೆ. ಮುಂದೆ ಪೂರ್ಣವಿರಾಮವೂ ಇಲ್ಲದೆ ಇನ್ನೊಂದು ಮಾತು ಸೇರಿಸಿದ್ದರಿಂದ, ದುಡ್ಡು ಬಂದಿದೆ, ಹಾಗಾಗಿ ಲೋಡ್ ಮಾಡುತ್ತೇವೆ ಅನ್ನುವ ಹಾಗೆ ಕಂಡಿತು.

ಅಂಗಡಿಯ ಯಜಮಾನರು ಅವತ್ತೇ ತಿರುಪತಿಗೆ ಹೊರಟಿದ್ದರು. ಅಂಗಡಿಯ ಫೋನು ಅವರ ತಮ್ಮನ ಹತ್ತಿರ ಇತ್ತು. ಅಣ್ಣ ದುಡ್ಡು ಕೊಟ್ಟು ಹೋಗಿದ್ದಾರೆ, ಇವನು ಮುಟ್ಟಿತು ಅಂತ ಬರೆದಿದ್ದಾನೆ ಅಂದುಕೊಂಡು ಆ ಹುಡುಗ 'ಸರಿ ಕಳಿಸಿ' ಅಂದ. ನಾನು ಆ 'ಸರಿ'ಯನ್ನು 'ಹೌದು, ಕೊಟ್ಟಿದ್ದೇವೆ' ಅಂತ ಓದಿಕೊಂಡೆ. ಇಬ್ಬರಿಗೂ ಅರ್ಥ ಆಗಿತ್ತು ನೋಡಿ. ಅದೇ ತೊಂದರೆ.

ರಾತ್ರಿ ಮಾವ ಬಂದಾಗ ದುಡ್ಡು ಕೇಳಿದೆ. 'ಯಾರೂ ಏನೂ ಕೊಡ್ನಿಲ್ಲ ಕಣಪ್ಪ' ಅಂದರು. ನಾನು ಫೋನ್ ತೋರಿಸಿದೆ. 'ಅವರೇ ಸರಿ ಅಂದವ್ರೆ, ಗಾಡೀಲಿ ಎಲ್ಲಾದ್ರೂ ಇಟ್ಟು ಮರೆತಿದ್ದೀರಾ ನೋಡಿ' ಅಂದೆ. ಬೈಯಲಿಲ್ಲ, ಕಳ್ಳ ಅನ್ನಲಿಲ್ಲ. ಆದರೂ ಅವರು ಅಂಗಿ ಜೇಬು ಹೊರಗೆಳೆದು ತೋರಿಸಿದರು. ಟಾರ್ಚ್ ಹಿಡಿದು ಗಾಡಿಯ ಸೀಟು ಎತ್ತಿದರು. ಆಲೆಮನೆಯ ಕೂಲಿಯವರು ನಿಂತು ನೋಡುತ್ತಿದ್ದರು.

ಎರಡು ದಿನ ಹೀಗೇ ಹೋಯಿತು. ಭಾನುವಾರ ನಾನು ಅಂಗಡಿಗೆ ಫೋನ್ ಮಾಡಿದಾಗ ಆ ಹುಡುಗ, 'ಕೊಟ್ಟಿದ್ದೀರಿ ಅಂತ ನೀವೇ ಬರೆದಿದ್ದೀರಲ್ಲ' ಅಂದ. ಆಗ ನನ್ನ ಮೆಸೇಜನ್ನು ಅವನ ಕಣ್ಣಿನಿಂದ ಮೊದಲ ಸಲ ಓದಿದೆ. ಸೋಮವಾರ ಯಜಮಾನರು ಬಂದು, ದುಡ್ಡು ಗಲ್ಲಾದಲ್ಲೇ ಇದೆ, ಕೊಡುವುದು ಮರೆತೇಹೋಯಿತು ಅಂದರು.

ದುಡ್ಡು ಬಂತು. ಮಾವ ಬರಲಿಲ್ಲ. ಮನೆಗೆ ಹೋಗಿ ಕಾಲಿಗೆ ಬಿದ್ದೆ. 'ನಿಂದೇನೂ ತಪ್ಪಿಲ್ಲ ಬುಡು, ಬೇರೆ ಗಾಡಿ ನೋಡ್ಕೊ' ಅಂದರು, ಅಷ್ಟೇ. ಮದುವೆ, ತಿಥಿಗಳಲ್ಲಿ ಸಿಗುತ್ತಾರೆ, ಮಾತಾಡಿಸುತ್ತಾರೆ. ನಮ್ಮ ಜಗಲಿ ಮೇಲೆ ಮಾತ್ರ ಮತ್ತೆ ಕೂತಿಲ್ಲ.

ಹಾಗಾಗಿ 'ಅರ್ಥ ಆದರೆ ಸಾಕು' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅರ್ಥ ಆಯಿತು ಅಂತ ತೀರ್ಮಾನ ಮಾಡುವವರು ನೀವಲ್ಲ. ಓದಿದವರು ನಕ್ಕರೆ ಒಂದು ವಿಷಯ ಖಚಿತ, ನೀವು ಹೇಳಹೊರಟಿದ್ದು ಅವರಿಗೆ ತಿಳಿದಿದೆ. 'ಆರ್ಥಿಕ ಶುಭಾಶಯ' ನೋಡಿ ಯಾರೂ ದುಡ್ಡಿನ ಹಾರೈಕೆ ಅಂದುಕೊಳ್ಳಲಿಲ್ಲ. ಅಂಥ ತಪ್ಪಿಗೆ ನೀವು ಇಷ್ಟು ಕುಗ್ಗಬೇಕಾಗಿಲ್ಲ. ಮಹಾಪ್ರಾಣದ ವಿಷಯಕ್ಕಂತೂ ಬೇಡವೇ ಬೇಡ. ಕನ್ನಡ ಬರೆಯಲು ಮಹಾಪ್ರಾಣದ ಅಕ್ಷರಗಳೇ ಬೇಕಿಲ್ಲ ಅಂತ ವಾದಿಸಿದವರು ಡಿ. ಎನ್. ಶಂಕರ ಭಟ್ಟರಂಥ ಭಾಷಾವಿಜ್ಞಾನಿ. ನಾನು ಅಷ್ಟು ದೂರ ಹೋಗುವುದಿಲ್ಲ, ಆದರೆ ನಗುವವರಿಗೆ ಇದು ಗೊತ್ತಿರಲಿ.

ಯಾವ ವ್ಯಾಕರಣ ಪುಸ್ತಕ ಓದಲಿ ಅಂತಲೂ ಕೇಳಿದ್ದೀರಿ. ಯಾವುದೂ ಬೇಡ. ಸಂಧಿ, ಸಮಾಸ ಕಲಿತರೆ ನನ್ನ ತಪ್ಪು ತಪ್ಪುತ್ತಿರಲಿಲ್ಲ. ಹ ಎಲ್ಲಿ ಬರುತ್ತದೆ ಅನ್ನುವುದಕ್ಕೆ ಒಂದು ದಾರಿ ಇದೆ. ಹಳೆಗನ್ನಡದ ಎಷ್ಟೋ ಪ-ಗಳು ಈಗ ಹ ಆಗಿವೆ, ತಮಿಳಿನಲ್ಲಿ ಇನ್ನೂ ಪ-ನೇ ಇದೆ. ಪಾಲ್ ನಮ್ಮ ಹಾಲು, ಪತ್ತು ಹತ್ತು, ಪುಲಿ ಹುಲಿ. ತಮಿಳು ಸಿನಿಮಾ ನೋಡುವವರಿಗೆ ಇದು ಸುಲಭ. ಹಾರ್ದಿಕ, ಹಸ್ತ ಇಂಥ ಸಂಸ್ಕೃತದ ಪದಗಳಿಗೆ ಇದು ನಡೆಯುವುದಿಲ್ಲ. ಅವಕ್ಕೆ ವಿ. ಕೃಷ್ಣ ಅವರ 'ಅಲರ್' ನಿಘಂಟು ಇದೆ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ, ಲಕ್ಷಕ್ಕೂ ಜಾಸ್ತಿ ಪದಗಳು.

ಬರೆದದ್ದನ್ನು ಜೋರಾಗಿ ಓದಿಕೊಳ್ಳಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಕೆಲಸಕ್ಕೆ ಬರುವುದಿಲ್ಲ. ನಾನೇ ಓದಿದರೆ ನನ್ನ ರಾಗ ತಾನಾಗಿ ಸೇರಿಬಿಡುತ್ತದೆ, ಬಿಟ್ಟುಹೋದ ಚಿಹ್ನೆ ಕಾಣುವುದೇ ಇಲ್ಲ. ಹಿಂದಿನವರು ತಾಳೆಗರಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದರಾ ಅಂತ ವಾದ ಮಾಡುವವರೂ ಇದ್ದಾರೆ. ಹಾಕುತ್ತಿರಲಿಲ್ಲ, ನಿಜ. ಅವನ್ನು ತಿಳಿದವರು ಕೂತು ಓದಿ ಹೇಳುತ್ತಿದ್ದರು. ನನ್ನ ಮೆಸೇಜನ್ನು ಆ ಹುಡುಗನಿಗೆ ಓದಿ ಹೇಳಲು ಯಾರಿದ್ದರು?

'ಇಲ್ಲ' ಅನ್ನುವ ಪದವನ್ನೂ ಗಮನಿಸಿ. 'ಬರೋದಿಲ್ಲ' ಅನ್ನುವುದಕ್ಕೂ ಅದೇ, 'ಅಥವಾ' ಅನ್ನುವುದಕ್ಕೂ ಅದೇ. 'ಸೋಮವಾರ ಇಲ್ಲ ಮಂಗಳವಾರ ಬನ್ನಿ' ಅಂತ ಬರೆದರೆ ಓದುವವರು ಎಲ್ಲಿ ನಿಲ್ಲಬೇಕು? ಒಂದು ಪೂರ್ಣವಿರಾಮ ಹಾಕಿ, ಸಾಕು. ದುಡ್ಡು, ದಿನ, ಔಷಧಿ ಇಂಥದ್ದರಲ್ಲಿ ನಾನು ಚಿಹ್ನೆಯನ್ನೂ ನಂಬುವುದಿಲ್ಲ. 'ಕೊಟ್ಟಿದ್ದೀರೋ ಇಲ್ಲವೋ ತಿಳಿಸಿ' ಅಂತ ಪೂರ್ತಿ ಬರೆಯುತ್ತೇನೆ.

ನಿಮ್ಮ ಪ್ರಶ್ನೆಯ ಕೊನೆಯ ಸಾಲು 'ಹಾಗಾದ್ರೆ ಕನ್ನಡದಲ್ಲಿ ಬರೆಯೋದು ಬಿಡ್ಲ' ಅಂತಿದೆ. ಬಿಡಲ್ಲ ಅಂದಿರೋ, ಬಿಡಲಾ ಅಂತ ಕೇಳಿದಿರೋ ನನಗೆ ಎರಡು ಸಲ ಓದಿದರೂ ತಿಳಿಯಲಿಲ್ಲ. ಕೇಳಿದ್ದಾದರೆ, ಬಿಡಬೇಡಿ.