ಬಿದ್ದಿಲ್ಲವೆಂದ ಮೇಲೆ ಮುಚ್ಚಿದ್ದು ಹೇಗೆ?

ತಮ್ಮಾ, ಅಮೆರಿಕದ ವರ್ಜೀನಿಯಾಕ್ಕೆ ಬಂದು ಎರಡು ತಿಂಗಳು ತುಂಬುವ ಮೊದಲೇ ನೀನು ಕೇಳಿದ ಪ್ರಶ್ನೆ ಓದಿ ನನಗೆ ಅಪ್ಪನ ನೆನಪಾಯಿತು. "2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರವನ್ನೇ ಮುಚ್ಚಿದರಲ್ಲ ಸರ್, ಇದಕ್ಕೆ ಜನ ಯಾವ ಪಕ್ಷವನ್ನು ಶಿಕ್ಷಿಸುತ್ತಾರೆ? ವೀಸಾದ ಮೇಲಿರುವ ನಾವು ಹೆದರಬೇಕೇ?" ಎಂದು ಬರೆದಿದ್ದೀಯೆ.

ನಾನು ಶಿವಮೊಗ್ಗದಿಂದ ಬಂದಿಳಿದದ್ದು 1995ರ ಡಿಸೆಂಬರಿನಲ್ಲಿ. ಮೊದಲ ಭಾನುವಾರವೇ ವಾಷಿಂಗ್ಟನ್ನಿನ ವಿಮಾನ ಸಂಗ್ರಹಾಲಯ ನೋಡಲು ಹೋದರೆ ಬಾಗಿಲು ಮುಚ್ಚಿತ್ತು. ಖರ್ಚಿಗೆ ಹಣ ಮಂಜೂರಾಗದೆ ಸರ್ಕಾರಿ ಕಚೇರಿಗಳಿಗೆ ಬೀಗ ಬೀಳುವುದಕ್ಕೆ ಇಲ್ಲಿ ಶಟ್‌ಡೌನ್ ಎನ್ನುತ್ತಾರೆ. ಆ ಶಟ್‌ಡೌನ್ 21 ದಿನ ನಡೆಯಿತು. ಅದು ಮುಗಿದ ಬೆನ್ನಿಗೇ ಸುರಿದ ಹಿಮದಿಂದ ಕಚೇರಿಗಳು ಮತ್ತೆ ಕೆಲವು ದಿನ ತೆರೆಯಲಿಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಫೋನಿನಲ್ಲಿ ವಿಷಯ ಹೇಳಿದೆ. "ಸರ್ಕಾರ ಬಿತ್ತೇ?" ಎಂದರು. ಇಲ್ಲ, ಅಧ್ಯಕ್ಷರು ಹಾಗೇ ಇದ್ದಾರೆ ಎಂದೆ. "ಬಿದ್ದಿಲ್ಲವೆಂದ ಮೇಲೆ ಮುಚ್ಚಿದ್ದು ಹೇಗೆ?" ನನ್ನಲ್ಲಿ ಉತ್ತರವಿರಲಿಲ್ಲ.

ಮಾರ್ಚ್ ಕೊನೆಯಲ್ಲಿ ನಮ್ಮ ಖಜಾನೆ ಕಚೇರಿಗಳಲ್ಲಿ ರಾತ್ರಿಯಿಡೀ ದೀಪ ಉರಿಯುವುದನ್ನು ನೀನೂ ಕಂಡಿರುತ್ತೀಯೆ. ಬಜೆಟ್ ತಡವಾದರೆ ತಾತ್ಕಾಲಿಕ ಖರ್ಚಿಗೆ ಒಪ್ಪಿಗೆ ಕೊಡುವ ಲೇಖಾನುದಾನವಿದೆ. ಹಣದ ಮಸೂದೆಯೇ ಸೋತರೆ ಸರ್ಕಾರ ಉಳಿಯುವುದಿಲ್ಲ, ಯಾರು ಸೋತರೆಂದು ಅಂದೇ ಗೊತ್ತಾಗುತ್ತದೆ. ಇಲ್ಲಿ ಅಧ್ಯಕ್ಷರನ್ನೂ ಕಾಂಗ್ರೆಸ್ಸನ್ನೂ (ಇಲ್ಲಿನ ಸಂಸತ್ತು) ಜನ ಬೇರೆ ಬೇರೆಯಾಗಿ ಆರಿಸುತ್ತಾರೆ. ಹಣ ಮಂಜೂರಾಗದಿದ್ದರೂ ಇಬ್ಬರ ಕುರ್ಚಿಯೂ ಭದ್ರ. ಹಣ ಮಂಜೂರಾದ ಅವಧಿ ಮೀರಿದರೆ ಕಚೇರಿ ನಡೆಸುವುದೇ ಕಾನೂನುಬಾಹಿರ ಎಂದು 1980ರಲ್ಲಿ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಅಭಿಪ್ರಾಯ ಕೊಟ್ಟ ಮೇಲೆ ಈ ಬೀಗದ ಪದ್ಧತಿ ಬಂದಿತು. ಕುರ್ಚಿ ಅಲುಗದೆ ಕಚೇರಿ ಮಾತ್ರ ಮುಚ್ಚುವುದರಿಂದ ಇಬ್ಬರೂ ಎದುರಿನವನತ್ತ ಬೆರಳು ತೋರಿಸುತ್ತಾರೆ. ಅಪ್ಪನಿಗೆ ಇದನ್ನು ಬಿಡಿಸಿ ಹೇಳುವಷ್ಟು ನನಗೆ ತಿಳಿಯುವ ವೇಳೆಗೆ ಅವರು ಇರಲಿಲ್ಲ.

ಯಾರಿಗೆ ಪೆಟ್ಟು ಬೀಳುತ್ತದೆ ಎಂಬುದಕ್ಕೆ ನಾನು ಕಂಡದ್ದನ್ನೇ ಹೇಳುತ್ತೇನೆ. 1995ರಲ್ಲಿ ರಿಪಬ್ಲಿಕನ್ ಸ್ಪೀಕರ್ ನ್ಯೂಟ್ ಗಿಂಗ್ರಿಚ್, ಅಧ್ಯಕ್ಷರ ವಿಮಾನದಲ್ಲಿ ತಮ್ಮನ್ನು ಹಿಂಬಾಗಿಲಿನಿಂದ ಇಳಿಸಿದ್ದೂ ತಮ್ಮ ಹಠಕ್ಕೆ ಒಂದು ಕಾರಣವೆಂಬಂತೆ ದೂರಿ ಹೆಸರು ಕೆಡಿಸಿಕೊಂಡರು. ಮರುವರ್ಷ ಡೆಮಾಕ್ರಟ್ ಅಧ್ಯಕ್ಷ ಕ್ಲಿಂಟನ್ ಮತ್ತೆ ಗೆದ್ದರು. ಆದರೆ ಅದೇ ಚುನಾವಣೆಯಲ್ಲಿ ರಿಪಬ್ಲಿಕನ್ನರು ಎರಡೂ ಸದನಗಳನ್ನು ಉಳಿಸಿಕೊಂಡರು ಎಂಬುದನ್ನು ಹೆಚ್ಚಿನವರು ಹೇಳುವುದಿಲ್ಲ. 2018–19ರಲ್ಲಿ ಗಡಿಗೋಡೆಗೆ 570 ಕೋಟಿ ಡಾಲರ್ ಬೇಕೆಂದು ಟ್ರಂಪ್ ಪಟ್ಟು ಹಿಡಿದು, ಮುಚ್ಚಿದರೆ ಹೊಣೆ ತನ್ನದೇ ಎಂದರು. 35ನೆಯ ದಿನ ಸಿಬ್ಬಂದಿ ಸಾಲದೆ ನ್ಯೂಯಾರ್ಕಿನ ಲಗಾರ್ಡಿಯಾಕ್ಕೆ ಬರುವ ವಿಮಾನಗಳನ್ನು ತಡೆಹಿಡಿದರು. ಅಂದೇ ಪಟ್ಟು ಸಡಿಲಿತು.

ಇವೆರಡಕ್ಕಿಂತ 2013 ನನಗೆ ಹತ್ತಿರದ್ದು. ಒಬಾಮಾರ ಆರೋಗ್ಯ ಕಾನೂನನ್ನು ತಡೆಯಲು ರಿಪಬ್ಲಿಕನ್ನರು 16 ದಿನ ಹಣ ನಿಲ್ಲಿಸಿದರು. ಆಗ ನಾನು ಒಂದು ಗುತ್ತಿಗೆ ಕಂಪನಿಯ ಮೂಲಕ ಸರ್ಕಾರಿ ಯೋಜನೆಯೊಂದರಲ್ಲಿದ್ದೆ. ಕಾಯಂ ನೌಕರರಿಗೆ ಬಾಕಿ ಸಂಬಳ ಬಂತು, ಗುತ್ತಿಗೆಯವರಾದ ನಮಗೆ ಬರಲಿಲ್ಲ. ಆ ತಿಂಗಳು ಅಮ್ಮನಿಗೆ ಹಣ ಕಳಿಸಲಿಲ್ಲ, ಏಕೆಂದು ಹೇಳಲೂ ಇಲ್ಲ. ಅವರೂ ಕೇಳಲಿಲ್ಲ. ಆಗ ಗ್ಯಾಲಪ್ ಸಮೀಕ್ಷೆಯಲ್ಲಿ ರಿಪಬ್ಲಿಕನ್ನರನ್ನು ಮೆಚ್ಚುವವರ ಪ್ರಮಾಣ ಶೇ 28ಕ್ಕೆ ಇಳಿದಿತ್ತು. ಆ ಪಕ್ಷದ ಕಥೆ ಮುಗಿಯಿತು ಎಂದು ದಿನವೂ ಊಟದ ಮೇಜಿನಲ್ಲಿ ಕೂಗಾಡುತ್ತಿದ್ದೆ. ಅಷ್ಟರಲ್ಲಿ ಒಬಾಮಾರ ವಿಮೆ ಜಾಲತಾಣವೇ ಕೆಟ್ಟು ನಿಂತಿತು, ಮಾತು ಅತ್ತ ತಿರುಗಿತು.

2014ರ ನವೆಂಬರ್ 4ರಂದು ರಿಪಬ್ಲಿಕನ್ನರು ಮೇಲ್ಮನೆಯಾದ ಸೆನೆಟ್ ಗೆದ್ದರು. ನಮ್ಮ ವರ್ಜೀನಿಯಾದ ಸೆನೆಟ್ ಸ್ಥಾನ 18 ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ನಾನು ಪ್ರಜೆಯಾಗಿದ್ದೆ, ಮತಗಟ್ಟೆ ಮನೆಯ ಹತ್ತಿರದ ಶಾಲೆಯಲ್ಲೇ ಇತ್ತು. ಕಚೇರಿಯಿಂದ ಬರುವಾಗ ಏಳು ಗಂಟೆ ದಾಟಿ ಬಾಗಿಲು ಹಾಕಿದ್ದರು. ಬೆಳಗ್ಗೆ ಹೋಗಬಹುದಿತ್ತು, ಹೋಗಲಿಲ್ಲ. ಯಾವ ಪಕ್ಷ ಗೆದ್ದಿತೆಂಬ ದುಃಖವಲ್ಲ ನನ್ನದು. ಅಮ್ಮನಿಗೆ ಹಣ ಕಳಿಸಲಾಗದಂತೆ ಮಾಡಿದ ಆ 16 ದಿನಗಳನ್ನು ನಾನೇ ಒಂದು ವರ್ಷದಲ್ಲಿ ಮರೆತಿದ್ದೆ. ಜನ ಮರೆಯುತ್ತಾರೆಂದು ಎರಡೂ ಪಕ್ಷಗಳ ನಾಯಕರು ಲೆಕ್ಕ ಹಾಕುತ್ತಾರಲ್ಲ, ಆ ಲೆಕ್ಕದಲ್ಲಿ ನಾನೂ ಸೇರಿದ್ದೆ.

ಈ ಬಾರಿ, 2025ರಲ್ಲಿ, ಹಣ ತಡೆದವರು ಡೆಮಾಕ್ರಟರು, ಆರೋಗ್ಯ ವಿಮೆಯ ಸಹಾಯಧನಕ್ಕಾಗಿ. ಆದರೂ ಶಟ್‌ಡೌನ್ ನಡುವೆಯೇ, ನವೆಂಬರ್ 4ರಂದು, ಸರ್ಕಾರಿ ನೌಕರರು ತುಂಬಿರುವ ವರ್ಜೀನಿಯಾದಲ್ಲಿ ಅವರದೇ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಗವರ್ನರ್ ಹುದ್ದೆಯನ್ನು ಸುಲಭವಾಗಿ ಗೆದ್ದರು. ಇಲ್ಲಿಯವರ ಸಿಟ್ಟು ಟ್ರಂಪ್ ಮೇಲಿತ್ತು. ಎಂಟೇ ದಿನಕ್ಕೆ, ನಮ್ಮ ಟಿಮ್ ಕೇನ್ ಸೇರಿ ಎಂಟು ಸೆನೆಟರ್‌ಗಳು ಡೆಮಾಕ್ರಟರ ಬಣದಿಂದ ಆಚೆ ಬಂದು, ಸಹಾಯಧನ ಸಿಗದೆಯೇ ಬೀಗ ತೆಗೆಸಿದರು. 2026ರ ನವೆಂಬರಿನ ಕಾಂಗ್ರೆಸ್ ಚುನಾವಣೆಯ ಹೊತ್ತಿಗೆ ಇದು ಎಷ್ಟು ಜನರಿಗೆ ನೆನಪಿರುತ್ತದೆ ಎನ್ನುವುದರ ಮೇಲೆ ನನಗೆ ನಂಬಿಕೆ ಕಡಿಮೆ.

ನಿನ್ನ ವೀಸಾದ ಮಾತು. ವಲಸೆ ಇಲಾಖೆ ಅರ್ಜಿ ಶುಲ್ಕದಿಂದ ನಡೆಯುವುದರಿಂದ ಮುಚ್ಚುವುದಿಲ್ಲ. ಎಚ್‌-1ಬಿ ಅರ್ಜಿಗೆ ಬೇಕಾದ ಎಲ್‌ಸಿಎ (ಸಂಬಳ, ಕೆಲಸದ ಷರತ್ತುಗಳ ಬಗ್ಗೆ ಕಂಪನಿ ಪಡೆಯಬೇಕಾದ ಮಂಜೂರಾತಿ) ಕೊಡುವುದು ಕಾರ್ಮಿಕ ಇಲಾಖೆ, ಅದು ನಿಲ್ಲಬಹುದು. ಮೂರು ತಿಂಗಳ ಬಾಡಿಗೆಯಷ್ಟು ಹಣ ಕೈಯಲ್ಲಿರಲಿ. ಇನ್ನೊಂದು, ಡಿಎಂವಿಯಲ್ಲಿ (ಇಲ್ಲಿನ ಆರ್‌ಟಿಒ) ಪರವಾನಗಿ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರುತ್ತೀರಾ ಎಂದು ಕೇಳಿದರೆ ಇಲ್ಲವೆಂದೇ ಗುರುತು ಹಾಕು. ಪ್ರಜೆಯಲ್ಲದವರು ಅಲ್ಲಿ ತಪ್ಪಿದರೆ ಮುಂದಿನ ದಾರಿಯೇ ಮುಚ್ಚಬಹುದು. ಯಾವ ಅಭ್ಯರ್ಥಿಗೂ ದೇಣಿಗೆ ಕೊಡಬೇಡ.

ಬೀಗ ತೆಗೆದಾಗ ಹಲವು ಇಲಾಖೆಗಳಿಗೆ ಹಣ ಸಿಕ್ಕಿದ್ದು 2026ರ ಜನವರಿ 30ರವರೆಗೆ ಮಾತ್ರ, ಕಾರ್ಮಿಕ ಇಲಾಖೆಯೂ ಅದರಲ್ಲಿತ್ತು. ಇಂಥ ಗಡುವು ಮತ್ತೆ ಬರಬಹುದು. ಕಂಪನಿಯ ವಕೀಲರಿಗೆ ಈ ವಾರವೇ ಹೇಳಿ ಎಲ್‌ಸಿಎ ಹಾಕಿಸು. ಸಂಕ್ರಾಂತಿಗೆ ನಮ್ಮ ಮನೆಗೆ ಬಾ, ಅಮ್ಮ ಕಳಿಸುವ ಎಳ್ಳುಬೆಲ್ಲ ಅಷ್ಟರಲ್ಲಿ ಬಂದಿರುತ್ತದೆ.