0.64 ಬಂದಿದೆ, ದುಡ್ಡು ಹಾಕಲಾ?

ಪ್ರಶ್ನೆ: ನಾನು ಡೊಂಬಿವಲಿಯವನು. ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಗಾಳಾ (ಕಾರ್ಖಾನೆ ಶೆಡ್) ಖಾಲಿ ಬಿದ್ದಿದೆ. ಅಟ್ಟದ ಮೇಲೆ ಅಟ್ಟ ಕಟ್ಟಿ, ಎಲ್‌ಇಡಿ ದೀಪ, ಸೆನ್ಸರ್ ಎಲ್ಲ ಹಾಕಿ ಲೆಟ್ಯೂಸ್, ಬೇಸಿಲ್ ಬೆಳೆದು ಹೋಟೆಲುಗಳಿಗೆ ಕೊಡುವ ಆಸೆ. ಮೂರು ಕೊಟೇಶನ್ ಬಂದಿವೆ. ಪುಣೆಯಲ್ಲಿ ಓದುವ ಅಣ್ಣನ ಮಗ ಏನೋ ಫಜ್ಜಿ ಟಾಪ್ಸಿಸ್ ಅಂತ ಲೆಕ್ಕ ಹಾಕಿದ್ದಾನೆ. ಬೇರಿಗೆ ಮಂಜಿನ ಹಾಗೆ ನೀರು ಚಿಮುಕಿಸುವ ಏರೋಪೋನಿಕ್ಸ್‌ಗೆ 0.64, ಪೈಪಿನಲ್ಲಿ ತೆಳ್ಳಗೆ ನೀರು ಹರಿಯುವ ಎನ್‌ಎಫ್‌ಟಿಗೆ 0.61, ಬೇರು ತೊಟ್ಟಿಯಲ್ಲೇ ಮುಳುಗಿರುವ ಪದ್ಧತಿಗೆ 0.48. ನಂಬಬಹುದಾ?

ಉತ್ತರ: ಹುಡುಗ ಒಳ್ಳೆ ಕೆಲಸ ಮಾಡಿದ್ದಾನೆ, ಬೈಯಬೇಡಿ. ಆದರೆ ಚೆಕ್‌ಬುಕ್ ಈಗಲೇ ತೆಗೆಯಬೇಡಿ.

ಫಜ್ಜಿ ಅಂದರೆ ಮಸುಕು, ಗಡಿ ಖಚಿತವಿಲ್ಲದ್ದು, ಅಷ್ಟೇ. ಹೆದರುವಂಥದ್ದೇನಲ್ಲ. ಬೆಳಿಗ್ಗೆ 8 ಗಂಟೆಗೆ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿದವನು ‘ಗಾಡಿ ಖಾಲಿ ಇತ್ತು’ ಅಂದರೆ ಕಾಲಿಡಲು ಜಾಗ ಸಿಕ್ಕಿತು ಎಂದರ್ಥ, ಮಧ್ಯಾಹ್ನ ಅದೇ ಮಾತಿಗೆ ಕಿಟಕಿ ಸೀಟು ಎಂದರ್ಥ. ಇಂಥ ಮಾತುಗಳಿಗೂ ಗಣಿತ ಇರಲಿ ಅಂತ 1965ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಲೋಟ್ಫಿ ಝಾದೆ ಹೌದು-ಅಲ್ಲ ಎರಡರ ನಡುವಿನ ಅಳತೆಗಳನ್ನು ಲೆಕ್ಕಕ್ಕೆ ತಂದರು. (ಜಪಾನಿನ ಸೆಂಡಾಯಿ ಮೆಟ್ರೋ 1987ರಲ್ಲಿ ಶುರುವಾದಾಗ ಅದರ ಬ್ರೇಕ್ ಹಿಡಿದದ್ದೂ ಇದೇ ಲೆಕ್ಕ. ನಮ್ಮ ಲೋಕಲ್‌ಗೆ ಯಾವಾಗಲೋ.)

ನಿಮ್ಮ ವಿಷಯಕ್ಕೆ ಇದು ಹೇಗೆ ಬರುತ್ತದೆ? ಉದಾಹರಣೆಗೆ, ಕಂಪನಿಯವರು ತಿಂಗಳ ಕರೆಂಟ್ ಬಿಲ್ 20 ಸಾವಿರ ಅಂದರು ಅನ್ನಿ. ಮೇ ತಿಂಗಳ ಸೆಕೆಗೆ ಏಸಿ ಹಗಲೂ ರಾತ್ರಿ ಓಡಿದರೆ ಅದು 32ಕ್ಕೂ ಹೋದೀತು, ಎಷ್ಟೇ ಉಳಿಸಿದರೂ 18ಕ್ಕಿಂತ ಕೆಳಗಿಳಿಯದು. ಹಾಗಾದರೆ ಒಂದೇ ಅಂಕಿ ಬರೆಯದೆ 18, 20, 32 ಅಂತ ಮೂರೂ ಬರೆಯಿರಿ. ಕೂಡಿಸಿ ಮೂರರಿಂದ ಭಾಗಿಸಿದರೆ 23 ಸಾವಿರದ ಮೇಲಾಯಿತು. ಸೇಲ್ಸ್‌ಮನ್ ಹೇಳಿದ 20 ಎಲ್ಲಿ, ಇದೆಲ್ಲಿ! ಈ ಪದ್ಧತಿಯಲ್ಲಿ ನನಗೆ ಇಷ್ಟವಾಗುವುದು ಇದೇ, ನಿಮ್ಮ ಅನುಮಾನಕ್ಕೂ ಲೆಕ್ಕದಲ್ಲಿ ಜಾಗ ಸಿಗುತ್ತದೆ.

ಇನ್ನು ಟಾಪ್ಸಿಸ್. ಹ್ವಾಂಗ್, ಯೂನ್ ಇಬ್ಬರೂ ಸೇರಿ 1981ರಲ್ಲಿ ಕೊಟ್ಟ ಲೆಕ್ಕ, ಫಜ್ಜಿ ಅದಕ್ಕೆ ಆಮೇಲೆ ಸೇರಿತು. ಎಲ್ಲದರಲ್ಲೂ ಬೆಸ್ಟ್ ಆದ ಒಂದು ಫಾರ್ಮ್, ಎಲ್ಲದರಲ್ಲೂ ಕೆಟ್ಟದ್ದೊಂದು, ಎರಡನ್ನೂ ಮನಸ್ಸಲ್ಲೇ ಕಟ್ಟಿ, ನಿಮ್ಮ ಕೊಟೇಶನ್ ಮೊದಲನೆಯದಕ್ಕೆ ಎಷ್ಟು ಹತ್ತಿರ, ಎರಡನೆಯದರಿಂದ ಎಷ್ಟು ದೂರ ಅಂತ ನೋಡುವುದು. ಹುಡುಗನ 0.64, 0.61 ಎಲ್ಲ ಅದೇ ಅಂಕ, 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ತೊಡಕು ಇರುವುದು ಇಲ್ಲೇ. ಒಂದು ಗುಣದ ಅಂಕ ಇನ್ನೊಂದರ ಕೊರತೆಯನ್ನು ಮುಚ್ಚಿಹಾಕುತ್ತದೆ, ಗಣಿತದಲ್ಲಿ ಫೇಲಾದವನನ್ನು ಕನ್ನಡದ ಮಾರ್ಕ್ಸ್ ಸೇರಿಸಿ ಪಾಸ್ ಮಾಡಿದ ಹಾಗೆ. ಏರೋಪೋನಿಕ್ಸ್ ನೀರು ಉಳಿಸುತ್ತದೆ, ಬೆಳೆಯೂ ಚುರುಕು, ಸರಿ. ಆದರೆ ಬೇರು ಗಾಳಿಯಲ್ಲೇ ತೂಗಾಡುತ್ತಿರುತ್ತದೆ, ಪಂಪ್ ನಿಂತರೆ ಎಲ್ಲಕ್ಕಿಂತ ಮೊದಲು ಒಣಗುವುದು ಅದೇ. ನಾಝಲ್‌ನಲ್ಲಿ ಉಪ್ಪು ಕಟ್ಟಿಕೊಂಡರೂ ಅದೇ ಗತಿ. ಎನ್‌ಎಫ್‌ಟಿಯೂ ಜಾಸ್ತಿ ಹೊತ್ತು ತಾಳದು. ತೊಟ್ಟಿಯದ್ದು ತಾಳುತ್ತದೆ, ಆದರೆ ನೀರು ಬಿಸಿಯಾದರೆ ಅದರಲ್ಲಿ ಆಮ್ಲಜನಕ ಇಳಿದು ಬೇರು ಕೊಳೆಯುತ್ತದೆ.

ಅದಕ್ಕೇ ‘ಕರೆಂಟ್ ಹೋದರೆ ಎಷ್ಟು ಹೊತ್ತು’ ಅನ್ನುವುದನ್ನು ಅಂಕಪಟ್ಟಿಯಿಂದ ಹೊರಗೆ ತೆಗೆಯಿರಿ. ಜನರೇಟರ್ ಇಲ್ಲದೆ ನಿಮ್ಮ ಗಾಳಾದಲ್ಲಿ ಕರೆಂಟ್ ಎಷ್ಟು ಹೊತ್ತು ಹೋಗಿರುತ್ತದೋ ಅಷ್ಟು ತಾಳದಿದ್ದರೆ ಔಟ್, ಮಾತೇ ಇಲ್ಲ. ಉಳಿದವಕ್ಕೆ ಮಾತ್ರ ಫಜ್ಜಿ ಲೆಕ್ಕ.

ಆಮೇಲೆ ಹುಡುಗನಿಗೆ ಇನ್ನೊಂದು ಕೆಲಸ ಹೇಳಿ. ನೀರಿನ ಉಳಿತಾಯಕ್ಕೆ ಕೊಟ್ಟ ತೂಕ (ಅಂದರೆ ಅದು ಎಷ್ಟು ಮುಖ್ಯ ಅನ್ನುವ ಅಂಕಿ) ಸ್ವಲ್ಪ ಇಳಿಸಿ, ಖರ್ಚಿನದು ಏರಿಸಿ ಮತ್ತೆ ಲೆಕ್ಕ ಹಾಕಲಿ. 0.64, 0.61 ಅದಲು ಬದಲಾದರೆ ಆ ಎರಡಕ್ಕೂ ನಡುವೆ ವ್ಯತ್ಯಾಸವೇ ಇಲ್ಲ ಅಂತ ತಿಳಿಯಿರಿ. ತೂಕ ಯಾರು ಕೊಟ್ಟರು ಅಂತಲೂ ಕೇಳಿ, ಅಲ್ವಾ? ದುಡ್ಡು ನಿಮ್ಮದು, ತೂಕ ಮಾತ್ರ ಅವನದೇ ಆಗಿದ್ದರೆ ಹೇಗೆ.

ಕೊನೆಗೆ, ಕೊಟೇಶನ್ ಕೊಟ್ಟವರ ಚಾಲೂ ಇರುವ ಫಾರ್ಮ್‌ಗೆ ಹೋಗಿ, ಮೇನ್ ಸ್ವಿಚ್ ಒಂದು ಗಂಟೆ ಆಫ್ ಮಾಡಿ ತೋರಿಸ್ತೀರಾ ಅಂತ ಕೇಳಿ. ಮುಖ ನೋಡಿಕೊಂಡು ಬನ್ನಿ.