ಹೆಚ್ಚಿದ ದಾಳಿಂಬೆ ಒಳಗೆ ಕೆಟ್ಟಿತ್ತು, ಇನ್ನೂ ಎಸೆದಿಲ್ಲ. ಅದನ್ನು ಅಂಗಡಿಗೆ ವಾಪಸ್ ಕೊಡೋದು ಸಣ್ಣತನ ಅನ್ನಿಸಲ್ವಾ?

ಖಂಡಿತ ಇಲ್ಲ. ‘ಇನ್ನೂರು ರೂಪಾಯಿ ಹಣ್ಣಿಗೆ ಹೋಗಿ ಯಾರು ಬಾಯಿ ಮಾಡ್ತಾರೆ’ ಅಂತ ನಿಮ್ಮ ಹಾಗೇ ನಾನೂ ಅಂದುಕೊಳ್ತಿದ್ದೆ.

ಅವ್ವ ಡೆಂಗಿ ಜ್ವರದಿಂದ ಎದ್ದು ಮನೆಗೆ ಬಂದಿದ್ದಳು. ಬಾಯಿಗೆ ಏನೂ ಸೇರ್ತಿರಲಿಲ್ಲ, ದಾಳಿಂಬೆ ರಸ ಮಾತ್ರ ಇಳೀತಿತ್ತು. ದಾವಣಗೆರೆ ಪಿ.ಜೆ. ಬಡಾವಣೆ ಕಡೆಯ ದೊಡ್ಡ ಅಂಗಡಿಯೊಂದರಿಂದ ಎರಡು ಕೆ.ಜಿ. ತಂದೆ. ಸಿಪ್ಪೆ ಕೆಂಪಗೆ, ಒಂದು ಕಲೆ ಇಲ್ಲ. ಬಿಡಿಸಿದರೆ ಕಾಳೆಲ್ಲ ಕಂದು ತಿರುಗಿ ಹುಳಿ ವಾಸನೆ. ಸಿಟ್ಟಿಗೆ ಎಲ್ಲವನ್ನೂ ಹೆಚ್ಚಿದೆ, ಅರ್ಧಕ್ಕರ್ಧ ಹಾಗೇ.

ಬೆಳಗ್ಗೆ ಪಾಲಿಕೆಯ ಕಸದ ಗಾಡಿ ಬಂತು. ನೊಣ ಮುತ್ತುತ್ತವೆ ಅಂತ ಅಷ್ಟನ್ನೂ ಅದಕ್ಕೆ ಸುರಿದೆ. ನನ್ನ ಕೆಲಸ ಕೆಟ್ಟಿದ್ದು ಇಲ್ಲೇ. ಬಿಲ್ ಇದೆಯಲ್ಲ ಅನ್ನೋ ಧೈರ್ಯ ನನಗೆ. ಆದರೆ ಬಿಲ್ ಹೇಳೋದೇನು? ಇಂಥ ದಿನ ಇಷ್ಟು ತೂಕದ ದಾಳಿಂಬೆ ಮಾರಿದೆವು ಅಂತ, ಅಷ್ಟೇ. ಅದು ಕೊಳೆತಿತ್ತು ಅಂತ ಹೇಳಬೇಕಾದ್ದು ಹಣ್ಣು. ಹಣ್ಣಿಲ್ಲದಿದ್ದರೆ ಫೋಟೊ. ನನ್ನ ಹತ್ತಿರ ಎರಡೂ ಇರಲಿಲ್ಲ. ‘ಹಣ್ಣು ಎಲ್ಲೈತ್ರೀ ಅಣ್ಣಾ?’ ಅಂದ ಕೌಂಟರ್ ಹುಡುಗ. ಅವನು ಕೇಳಿದ್ದು ನ್ಯಾಯ. ನಾನು ಮಾತ್ರ ‘ಹಂಗಾರೆ ನಾನು ಸುಳ್ಳು ಹೇಳಾಕತ್ತೀನೇನು?’ ಅಂತ ದನಿ ಏರಿಸಿದೆ. ಬರಿಗೈಲಿ ಬಂದೆ.

ಆಮೇಲೆ ಹಿರಿಯೂರು ಕಡೆ ದಾಳಿಂಬೆ ತೋಟ ಮಾಡಿರೋ ನಮ್ಮ ಸೋದರಮಾವ ವಿಷಯ ಬಿಡಿಸಿ ಹೇಳಿದರು. ಗಿಡ ಹೂ ಬಿಟ್ಟಾಗಲೇ ಒಂದು ಬೂಷ್ಟು ಹೂವಿನೊಳಗೆ ಸೇರಿಕೊಳ್ಳುತ್ತೆ, ಕಾಯಿ ದಪ್ಪ ಆಗ್ತಾ ಒಳಗೊಳಗೇ ಕಾಳು ಕೊಳೆಯುತ್ತೆ, ಸಿಪ್ಪೆ ಮಾತ್ರ ಚೆನ್ನಾಗೇ ಇರುತ್ತೆ. ತೂಕ ಸ್ವಲ್ಪ ಹಗುರ ಅನ್ನಿಸಬಹುದು, ಅಷ್ಟೇ ಗುರುತು. ಅಂದ ಮೇಲೆ ಅಂಗಡಿಯವನಿಗೂ ಗೊತ್ತಿರಲ್ಲ. ನೀವು ವಾಪಸ್ ಒಯ್ದರೆ ಅವನನ್ನು ಕಳ್ಳ ಅಂದಂತಲ್ಲ. ಪೂಜೆಗೆ ಒಡೆದ ತೆಂಗಿನಕಾಯಿ ಕೆಟ್ಟಿದ್ದರೆ ಎರಡೂ ಹೋಳು ಹಿಡಕೊಂಡು ಕಿರಾಣಿ ಅಂಗಡಿಗೆ ಹೋಗ್ತೀವಲ್ಲ, ಶೆಟ್ರು ಮರುಮಾತಿಲ್ಲದೆ ಬೇರೆ ಕಾಯಿ ಕೊಡ್ತಾರಲ್ಲ, ಅಲ್ಲಿ ಯಾರಿಗೂ ಸಣ್ಣತನ ಕಾಣಲ್ಲ. ಏಸಿ ಅಂಗಡಿಗೆ ಹೋದ ಕೂಡಲೇ ಯಾಕೆ ನಾಚಿಕೆ?

‘ಮಾರಿದ ಮಾಲು ವಾಪಸ್ ಇಲ್ಲ’ ಅನ್ನೋ ಬೋರ್ಡಿಗೂ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರೋ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಏನೂ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ದುಡ್ಡು ಕೊಡಲು ಒಪ್ಪದಿರೋದು ಅನುಚಿತ ವ್ಯಾಪಾರ. ಸಹಾಯವಾಣಿ 1915. ಹಾಗಂತ ಹಣ್ಣಿಗೆ 30 ದಿನ ಕಾಯೋಕಾಗಲ್ಲ, ಅದೇ ದಿನ ಇಲ್ಲ ಮರುದಿನ ಬೆಳಗ್ಗೆ ಹೋಗಲೇಬೇಕು.

ತಳ್ಳುಗಾಡಿಯವರ ಹತ್ತಿರ ಮಾತ್ರ ನಾನು ವಾಪಸ್ ಕೇಳಲ್ಲ. ಅಲ್ಲಿ ಕೊಳ್ಳೋ ಮುಂಚೆಯೇ ಒಂದನ್ನು ಕೊಯ್ಸಿ ನೋಡ್ತೀನಿ.

ನೀವು ಇನ್ನೂ ಎಸೆದಿಲ್ಲ ಅಂದಿದ್ದೀರಿ. ಹಾಗಿದ್ದರೆ ಹೆಚ್ಚಿದ ಹಣ್ಣನ್ನು ಈಗಲೇ ಕವರಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ತೂಕದ ಸ್ಟಿಕರ್ ಕಾಣೋ ಹಾಗೆ ಫೋಟೊ ತೆಗೀರಿ. ನಾಳೆ ಅಂಗಡಿ ತೆರೆದ ಹೊತ್ತಿಗೇ ಹೋಗಿ ಕೌಂಟರ್ ಹುಡುಗನ್ನ ಬಿಟ್ಟು ಮ್ಯಾನೇಜರ್‌ಗೆ ತೋರಿಸಿ. ಬೇರೆ ಹಣ್ಣು ಕೊಡ್ತೀವಿ ಅಂದರೆ ಅಲ್ಲೇ ಒಂದನ್ನು ಕೊಯ್ಸಿ ನೋಡಿ ತಗೊಳ್ಳಿ.